ಎನ್‌ಎಚ್ 10: ಮರ್ಯಾದೆಯ ಗದ್ದಲದಲ್ಲಿ ಕಳೆದುಹೋದ ಹುಡುಗಿ

ಹೆದ್ದಾರಿ ಪಕ್ಕದ ಒಂದು ಢಾಬಾ. ಅದರ ಶೌಚಾಲಯದ ಬಾಗಿಲ ಮೇಲೆ ಯಾರೋ ಒಂದು ಮಾತು ಗೀಚಿದ್ದಾರೆ. ಹೆಣ್ಣನ್ನು ಹೀಯಾಳಿಸಲು ಊರೂರಲ್ಲೂ ಬಳಕೆಯಲ್ಲಿರುವ, ಬಸ್ ನಿಲ್ದಾಣದ ಗೋಡೆಯಿಂದ ಹಿಡಿದು ರೈಲಿನ ಬೋಗಿಯವರೆಗೆ ನಾವೆಲ್ಲ ಕಂಡಿರುವ ಅದೇ ಹಳೇ ಬೈಗುಳ. ಮೀರಾ ಅದನ್ನು ನೋಡುತ್ತಾಳೆ, ಒರೆಸಿ ಹಾಕುತ್ತಾಳೆ. ಯಾರೂ ಅವಳನ್ನು ನೋಡುತ್ತಿಲ್ಲ. ಅವಳು ಹೋದ ಮೇಲೆ ಇನ್ನೊಬ್ಬ ಬಂದು ಮತ್ತೆ ಗೀಚುತ್ತಾನೆ ಎನ್ನುವುದೂ ಅವಳಿಗೆ ಗೊತ್ತಿರಬೇಕು. ಆದರೂ ಒರೆಸುತ್ತಾಳೆ. ಕೊನೆಗೆ ಅವಳು ಕಬ್ಬಿಣದ ಸಲಾಕೆ ಹಿಡಿದು ನಿಂತಾಗ ಚಿತ್ರಮಂದಿರ ಸಿಳ್ಳೆ ಹೊಡೆಯಿತು ನಿಜ, ಆದರೆ ನನ್ನ ಮಟ್ಟಿಗೆ ಅವಳು ನಾಯಕಿಯಾದದ್ದು ಈ ಬಾಗಿಲ ಬಳಿಯೇ.

ನವದೀಪ್ ಸಿಂಗ್ ನಿರ್ದೇಶನದ ‘ಎನ್‌ಎಚ್ 10’ ತೆರೆಗೆ ಬಂದದ್ದು 2015ರ ಮಾರ್ಚ್ 13ರಂದು. ಬೆಂಗಳೂರಿನಲ್ಲಿ ಬೆಳೆದು ಇಲ್ಲೇ ಕಾಲೇಜು ಮುಗಿಸಿದ ಅನುಷ್ಕಾ ಶರ್ಮಾ ಆಗಿನ್ನೂ 26ರ ಹುಡುಗಿ. ಮೀರಾಳ ಪಾತ್ರ ಮಾಡಿದ್ದಷ್ಟೇ ಅಲ್ಲ, ನಿರ್ಮಾಪಕಿಯಾಗಿ ಅವರ ಮೊದಲ ಚಿತ್ರವೂ ಇದೇ. ಕಥೆ ಬರೆದವರು ಸುದೀಪ್ ಶರ್ಮಾ. ಮುಂದೆ ‘ಉಡ್ತಾ ಪಂಜಾಬ್’, ‘ಪಾತಾಳ್ ಲೋಕ್’ ಬರೆದವರೂ ಅವರೇ. ಗುರುಗ್ರಾಮದ ದಂಪತಿ ಮೀರಾ ಮತ್ತು ಅರ್ಜುನ್, ಅವಳ ಹುಟ್ಟುಹಬ್ಬದ ನೆಪದಲ್ಲಿ ಕಾರು ಹತ್ತುತ್ತಾರೆ. ದಾರಿಯಲ್ಲಿ ಢಾಬಾ ಸಿಗುತ್ತದೆ. ಮನೆಯವರ ಮಾತು ಮೀರಿ ಮದುವೆಯಾದ ಪಿಂಕಿ ಮತ್ತು ಅವಳ ಗಂಡ ಅಲ್ಲಿರುತ್ತಾರೆ. ಅವರನ್ನು ಹುಡುಕಿಕೊಂಡು ಪಿಂಕಿಯ ಅಣ್ಣ ಸತ್‌ಬೀರ್ ತನ್ನ ಗುಂಪಿನೊಂದಿಗೆ ಬರುತ್ತಾನೆ. ಆ ರಾತ್ರಿ ಬೆಳಗಾಗುವಷ್ಟರಲ್ಲಿ ಬದುಕಿ ಉಳಿಯುವವರು ಬಹಳ ಕಡಿಮೆ.

ಈ ಚಿತ್ರದ ಬಗ್ಗೆ ಆಗಲೂ ಈಗಲೂ ಎರಡು ಮಾತು ಕೇಳಿಬರುತ್ತವೆ. ಬಾಲಿವುಡ್‌ಗೆ ಅಪರೂಪವಾದ ಎದೆಗಾರಿಕೆಯ ಚಿತ್ರ ಎನ್ನುವವರು ಕೆಲವರು. ಹಳ್ಳಿಯವರನ್ನು ರಾಕ್ಷಸರನ್ನಾಗಿ ಮಾಡಿ ಶಹರದವರ ಭಯವನ್ನು ಮಾರುವ ಚಿತ್ರ ಎನ್ನುವವರು ಇನ್ನು ಕೆಲವರು. ಎರಡರಲ್ಲೂ ಸತ್ಯವಿದೆ. ಆದರೆ ಇವೆರಡರ ಜಗಳದಲ್ಲಿ ಚಿತ್ರದ ತಿರುಳೇ ಕೈತಪ್ಪುತ್ತದೆ ಎಂದು ನನಗನ್ನಿಸುತ್ತದೆ. ಆ ತಿರುಳಿಗೆ ನಮ್ಮ ಭಾಷೆಯಲ್ಲಿ ಒಂದು ಹೆಸರಿದೆ: ಮರ್ಯಾದೆ. ಇಂಥ ಕೊಲೆಗಳಿಗೆ ಕನ್ನಡ ಪತ್ರಿಕೆಗಳು ‘ಮರ್ಯಾದೆಗೇಡು ಹತ್ಯೆ’ ಎಂದು ಬರೆಯುತ್ತವೆ. ಮರ್ಯಾದೆಗಾಗಿ ಮಾಡಿದ್ದು ಎಂದು ಕೊಂದವನು ಹೇಳಿಕೊಂಡರೆ, ಇದು ಮರ್ಯಾದೆಗೆಟ್ಟ ಕೆಲಸ ಎಂದು ಆ ಪದವೇ ಅವನ ಮುಖಕ್ಕೆ ಹೇಳುತ್ತದೆ.

ಢಾಬಾಕ್ಕೇ ಮರಳೋಣ. ಪಿಂಕಿಯನ್ನೂ ಅವಳ ಗಂಡನನ್ನೂ ಎಲ್ಲರ ಕಣ್ಣೆದುರೇ ಬಡಿದು ಎಳೆದೊಯ್ಯುತ್ತಾರೆ. ಊಟಕ್ಕೆ ಕೂತವರು ತಟ್ಟೆಯಿಂದ ತಲೆ ಎತ್ತುವುದಿಲ್ಲ. ಅರ್ಜುನ್ ಅಡ್ಡ ಹೋಗುತ್ತಾನೆ. ಸತ್‌ಬೀರ್ ಅವನ ಕೆನ್ನೆಗೆ ಬಾರಿಸುತ್ತಾನೆ. ಇದು ಪಿಂಕಿಯನ್ನು ಉಳಿಸಲು ಹೊರಟ ಸಜ್ಜನನ ಕಥೆ ಎಂದು ಮೊದಲ ಸಲ ನೋಡುವಾಗ ನಾನೂ ಅಂದುಕೊಂಡಿದ್ದೆ. ಎರಡನೇ ಸಲ ನೋಡಿದಾಗ ನೀಲ್ ಭೂಪಾಲಂ ಅವರ ಮುಖ ಬೇರೆಯದನ್ನೇ ಹೇಳಿತು. ಹೊಡೆತ ಬಿದ್ದ ಮೇಲೆ ಅರ್ಜುನನ ಕಣ್ಣು ಪಿಂಕಿ ಹೋದ ದಿಕ್ಕಿಗಿಂತ ಹೆಚ್ಚು ಸುತ್ತಲಿನ ಜನರ ಕಡೆಗೆ ಹರಿಯುತ್ತದೆ. ತಾನು ಹೊಡೆಸಿಕೊಂಡದ್ದನ್ನು ಯಾರು ಯಾರು ನೋಡಿದರು ಎಂಬುದೇ ಅವನ ಚಿಂತೆ. ಹೆಂಡತಿ ಬೇಡವೆಂದರೂ ಕಾರು ತಿರುಗಿಸಿ, ಪಿಸ್ತೂಲು ಹಿಡಿದು ಅವರ ಬೆನ್ನು ಹತ್ತುತ್ತಾನೆ. ಆ ಪಿಸ್ತೂಲೂ ಅವಳದ್ದೇ. ಕೆಲವೇ ದಿನ ಮೊದಲು ರಾತ್ರಿ ಒಂಟಿಯಾಗಿ ಕಾರಿನಲ್ಲಿ ಹೋಗುತ್ತಿದ್ದ ಮೀರಾಳ ಮೇಲೆ ದಾಳಿ ನಡೆದಿರುತ್ತದೆ. ಊರು ಬೆಳೆಯುತ್ತಿದೆ, ಇಂಥದ್ದೆಲ್ಲ ಆಗುತ್ತಿರುತ್ತದೆ ಎಂಬರ್ಥದ ಸಮಾಧಾನ ಹೇಳಿದ ಪೊಲೀಸ್ ಅಧಿಕಾರಿ ಬಂದೂಕು ಇಟ್ಟುಕೊಳ್ಳಿ ಎಂದಿರುತ್ತಾನೆ. ಅಂದು ಹೆಂಡತಿಯ ಜೊತೆ ಇರಲಿಲ್ಲವೆಂಬ ಕೊರಗು ಅರ್ಜುನನಿಗಿದೆ. ಅದರ ಮೇಲೆ ಈಗ ಈ ಪೆಟ್ಟು.

ಅಂದರೆ ತಂಗಿಯಿಂದ ಮರ್ಯಾದೆ ಹೋಯಿತು ಎಂದು ಸತ್‌ಬೀರ್ ಹೊರಟಿದ್ದಾನೆ. ಹೆಂಡತಿಯ ಎದುರು ಮರ್ಯಾದೆ ಹೋಯಿತು ಎಂದು ಅರ್ಜುನ್ ಹೊರಟಿದ್ದಾನೆ. ಒಬ್ಬನ ಕೈಯಲ್ಲಿ ಸಲಾಕೆ, ಇನ್ನೊಬ್ಬನ ಕೈಯಲ್ಲಿ ಲೈಸೆನ್ಸಿನ ಪಿಸ್ತೂಲು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ ನಾನು. ಒಬ್ಬ ಕೊಲೆಗಾರ, ಇನ್ನೊಬ್ಬನದು ಹುಂಬತನ. ಆದರೆ ಕಾಯಿಲೆಯ ಬೇರು ಒಂದೇ. ಹಳ್ಳಿಯವರನ್ನು ಮಾತ್ರ ಬೈಯುವ ಚಿತ್ರ ಇದು ಎಂಬ ಆಕ್ಷೇಪಕ್ಕೆ ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ. ಮೀರಾಳ ಕಚೇರಿಯ ದೃಶ್ಯ ನೆನಪಿಸಿಕೊಳ್ಳಿ. ಅವಳ ಕೆಲಸಕ್ಕೆ ಮೆಚ್ಚುಗೆ ಸಿಕ್ಕರೆ, ಹೆಣ್ಣಾದ್ದರಿಂದ ಸಿಕ್ಕಿತು ಎನ್ನುವ ಸಹೋದ್ಯೋಗಿ ಅಲ್ಲೂ ಇದ್ದಾನೆ. ಶೌಚಾಲಯದ ಬರಹ ಆರಂಭವಾಗುವುದು ಹವಾನಿಯಂತ್ರಿತ ಕೋಣೆಯಲ್ಲೇ.

ಮುಂದಿನ ಒಂದು ಗಂಟೆ ಮೈ ನಡುಗಿಸುತ್ತದೆ. ಪೊದೆಯ ಮರೆಯಲ್ಲಿ ನಿಂತ ದಂಪತಿಯ ಕಣ್ಣೆದುರೇ ಕೊಲೆ ನಡೆಯುತ್ತದೆ. ಆ ಗಲಿಬಿಲಿಯಲ್ಲಿ ಗುಂಡು ಹಾರಿ ಗುಂಪಿನ ಬುದ್ಧಿಮಾಂದ್ಯ ಹುಡುಗ ಸಾಯುತ್ತಾನೆ. ಗಾಯಗೊಂಡ ಗಂಡನನ್ನು ಸೇತುವೆಯ ಕೆಳಗೆ ಬಿಟ್ಟು ಮೀರಾ ನೆರವು ಹುಡುಕಿ ಓಡುತ್ತಾಳೆ. ಅರವಿಂದ್ ಕಣ್ಣಬಿರಾನ್ ಅವರ ಕ್ಯಾಮೆರಾ ಕತ್ತಲನ್ನು ಕತ್ತಲಾಗಿಯೇ ಬಿಡುತ್ತದೆ. ನಿರ್ದೇಶಕರ ಒಂದು ಸಂಯಮವನ್ನು ಇಲ್ಲಿ ಹೇಳಲೇಬೇಕು: ಒಂಟಿ ಹೆಣ್ಣು, ರಾತ್ರಿ, ಬೆನ್ನಟ್ಟುವ ಗಂಡಸರು ಎಲ್ಲ ಇದ್ದರೂ ಅತ್ಯಾಚಾರದ ದೃಶ್ಯ ತುರುಕಿ ಸೇಡಿಗೆ ನೆಪ ಮಾಡಿಕೊಂಡಿಲ್ಲ. ನಮ್ಮ ಭಾಷೆಗಳ ಎಷ್ಟು ಸೇಡಿನ ಚಿತ್ರಗಳು ಹೆಣ್ಣಿನ ಮೈಯನ್ನೇ ಬಂಡವಾಳ ಮಾಡಿಕೊಂಡಿವೆ ಎಂದು ಯೋಚಿಸಿದರೆ ಇದರ ಬೆಲೆ ತಿಳಿಯುತ್ತದೆ.

ಮೀರಾಳನ್ನು ಜೀಪಿನಲ್ಲಿ ಕೂರಿಸಿಕೊಂಡ ಇನ್‌ಸ್ಪೆಕ್ಟರ್ ಅವಳ ಜಾತಿ ಕೇಳುತ್ತಾನೆ. ಗುರುಗ್ರಾಮದ ಕೊನೆಯ ಮಾಲ್ ಎಲ್ಲಿ ಮುಗಿಯುತ್ತದೋ ನಿಮ್ಮ ಪ್ರಜಾಪ್ರಭುತ್ವ, ಸಂವಿಧಾನವೂ ಅಲ್ಲೇ ಮುಗಿಯುತ್ತದೆ ಎಂಬರ್ಥದ ಮಾತಾಡುತ್ತಾನೆ. ಈ ಚಿತ್ರದ ಬಗ್ಗೆ ಬರೆದವರೆಲ್ಲ ಎತ್ತಿ ಹಿಡಿದ ಸಂಭಾಷಣೆ ಇದು. ನನಗೆ ಅಷ್ಟು ರುಚಿಸಲಿಲ್ಲ. ಜನ ನೆನಪಿಟ್ಟುಕೊಳ್ಳಲಿ ಎಂದೇ ಹೊಸೆದ ಮಾತಿನ ಹಾಗಿದೆ. ಅಲ್ಲದೆ, ಮಾಲ್‌ನ ಒಳಗೆ ಸಂವಿಧಾನ ಗಟ್ಟಿಯಾಗಿದೆ ಎಂಬ ನಂಬಿಕೆಯನ್ನು ಮೀರಾಳ ಮೇಲಾದ ದಾಳಿಯ ರಾತ್ರಿಯೇ ಚಿತ್ರ ಒಡೆದು ಹಾಕಿರುತ್ತದೆ. ಕಲ್ಲುಕ್ವಾರಿಯಲ್ಲಿ ದುಡಿಯುವ ವಲಸೆ ಬಂದ ಬಡ ದಂಪತಿ ಮೀರಾಳಿಗೆ ಆಸರೆ ಕೊಡುವ ಸಣ್ಣ ಪ್ರಸಂಗ ಈ ಮಾತಿಗಿಂತ ಮೇಲು. ಜೀವಕ್ಕೆ ಹೆದರಿಯೂ ಬಾಗಿಲು ತೆರೆಯುವವರು ಈ ದಾರಿಯಲ್ಲಿದ್ದಾರೆ. ಅವರಿಗೆ ಚಿತ್ರ ಇನ್ನಷ್ಟು ಹೊತ್ತು ಕೊಡಬೇಕಿತ್ತು.

ಅಲ್ಲಿಂದ ಮೀರಾ ಹೋಗಿ ಬಾಗಿಲು ತಟ್ಟುವುದು ಊರಿನ ಸರಪಂಚಳ ಮನೆಯನ್ನು. ದೀಪ್ತಿ ನವಲ್ ಮಾಡಿದ ಅಮ್ಮಾಜಿ ಇಲ್ಲಿ ಬರುತ್ತಾಳೆ. 1981ರ ‘ಚಶ್ಮೆ ಬದ್ದೂರ್’ನಲ್ಲಿ ಮನೆಮನೆಗೆ ಹೋಗಿ ಸೋಪಿನ ಪುಡಿ ಮಾರುತ್ತಿದ್ದ ಆ ನಗುಮುಖದ ಹುಡುಗಿಯನ್ನು ನೆನಪಿಟ್ಟುಕೊಂಡವರಿಗೆ ಇದು ದೊಡ್ಡ ಪೆಟ್ಟು. ಆಕೆ ಮೊದಲು ಕೊಡುವುದು ತಾಯಿಯ ಉಪಚಾರ. ಪಿಂಕಿ ತನ್ನದೇ ಮಗಳು, ಅವಳನ್ನು ಕೊಂದದ್ದು ತನ್ನದೇ ಒಪ್ಪಿಗೆಯಿಂದ ಎಂಬುದು ಆಮೇಲೆ ತಿಳಿಯುತ್ತದೆ. ದೀಪ್ತಿ ನವಲ್ ಧ್ವನಿ ಏರಿಸುವುದಿಲ್ಲ. ಮಾಡಬೇಕಾದ್ದನ್ನು ಮಾಡಲೇಬೇಕಿತ್ತು ಎಂಬರ್ಥದ ಒಂದು ಮಾತು, ಅಷ್ಟೇ. ಹೊಲಕ್ಕೆ ನೀರು ಬಿಟ್ಟು ಬಂದವಳ ಹಾಗೆ ಹೇಳುತ್ತಾಳೆ. ಗಂಡಸರ ಕ್ರೌರ್ಯಕ್ಕೆ ಹೆಣ್ಣು ಹೇಗೆ ಕಾವಲು ನಿಲ್ಲುತ್ತಾಳೆ ಎಂಬುದಕ್ಕೆ ಪುಟಗಟ್ಟಲೆ ಬರೆಯಬಹುದು. ಇಲ್ಲಿ ಒಂದು ಮುಖ ಸಾಕಾಗಿದೆ.

2008ರ ಬ್ರಿಟಿಷ್ ಚಿತ್ರ ‘ಈಡನ್ ಲೇಕ್’ ನೋಡಿದವರಿಗೆ ಹೋಲಿಕೆ ಹೊಳೆಯದೆ ಇರದು. ಅಲ್ಲೂ ವಿಹಾರಕ್ಕೆ ಹೊರಟ ಜೋಡಿಯ ಬೆನ್ನಟ್ಟುತ್ತಾರೆ, ಅಲ್ಲೂ ತಪ್ಪಿಸಿಕೊಂಡ ಹೆಣ್ಣು ಬಂದು ಸೇರುವುದು ಬೆನ್ನಟ್ಟಿದವರ ಹೆತ್ತವರ ಮನೆಯನ್ನೇ. ಆ ಚಿತ್ರ ಅಲ್ಲಿಗೆ ಮುಗಿಯುತ್ತದೆ, ಅವಳಿಗೆ ಬಿಡುಗಡೆಯಿಲ್ಲ. ‘ಎನ್‌ಎಚ್ 10’ ಮುಂದುವರಿಯುತ್ತದೆ. ಮೀರಾ ತಪ್ಪಿಸಿಕೊಂಡು ಗಂಡನಿದ್ದ ಜಾಗಕ್ಕೆ ಬರುತ್ತಾಳೆ, ಅವನು ಸತ್ತಿದ್ದಾನೆ. ಗಾಡಿ ತಿರುಗಿಸಿ ಊರಿಗೆ ಬರುತ್ತಾಳೆ, ಒಬ್ಬೊಬ್ಬರನ್ನಾಗಿ ಮುಗಿಸುತ್ತಾಳೆ. ಕಾಲು ಮುರಿದು ತೆವಳುತ್ತಿರುವ ಸತ್‌ಬೀರನನ್ನು ನೋಡುತ್ತ ಕೂತು ಸಿಗರೇಟು ಸೇದುತ್ತಾಳೆ. ನಾನು ನೋಡಿದ ದಿನ ಬೆಂಗಳೂರಿನ ಚಿತ್ರಮಂದಿರದಲ್ಲಿ ಚಪ್ಪಾಳೆ ಬಿತ್ತು. ನನ್ನ ಕೈಯೂ ತಟ್ಟಿತು. ಹೊರಗೆ ಬಂದು ಗಾಡಿ ತೆಗೆಯುವ ಹೊತ್ತಿಗೆ ಆ ಚಪ್ಪಾಳೆ ಭಾರವಾಯಿತು.

ಈ ಕಥೆಯ ಹಿಂದಿನ ನಿಜ ಹೇಗಿತ್ತು? 2007ರಲ್ಲಿ ಹರಿಯಾಣದ ಕೈಥಲ್ ಜಿಲ್ಲೆಯ ಕರೋರಾ ಗ್ರಾಮದ ಹುಡುಗ ಹುಡುಗಿ ಒಂದೇ ಗೋತ್ರದವರಾಗಿ ಮದುವೆಯಾದರು. ಅವರಿಗೆ ರಕ್ಷಣೆ ಕೊಡಿ ಎಂದು ನ್ಯಾಯಾಲಯ ಹೇಳಿತ್ತು. ಜೊತೆಗಿದ್ದ ಪೊಲೀಸರು ನಡುದಾರಿಯಲ್ಲಿ ಬಿಟ್ಟುಹೋದರು. ಹುಡುಗಿಯ ಮನೆಯವರು ಹೆದ್ದಾರಿಯಲ್ಲಿ ಬಸ್ ತಡೆದು ಇಬ್ಬರನ್ನೂ ಇಳಿಸಿ ಒಯ್ದರು. ಶವಗಳು ಕಾಲುವೆಯಲ್ಲಿ ಸಿಕ್ಕವು. 2010ರಲ್ಲಿ ಕರ್ನಾಲ್‌ನ ಸೆಷನ್ಸ್ ನ್ಯಾಯಾಲಯ ಐವರಿಗೆ ಮರಣದಂಡನೆ ವಿಧಿಸಿತು; ಮರುವರ್ಷ ಹೈಕೋರ್ಟ್ ಅವರಲ್ಲಿ ಯಾರ ಗಲ್ಲುಶಿಕ್ಷೆಯನ್ನೂ ಎತ್ತಿ ಹಿಡಿಯಲಿಲ್ಲ. ಅಲ್ಲಿ ಯಾವ ಮೀರಾಳೂ ಗಾಡಿ ತಿರುಗಿಸಿಕೊಂಡು ಬರಲಿಲ್ಲ. ಊರಿನ ಬಹಿಷ್ಕಾರದ ನಡುವೆ ವರ್ಷಗಟ್ಟಲೆ ಕೋರ್ಟಿಗೆ ಅಲೆದದ್ದು ಸತ್ತ ಹುಡುಗನ ತಾಯಿ ಮತ್ತು ಅವಳ ಮನೆಯವರು. ಆ ಅಲೆದಾಟದಲ್ಲಿ ಸಿಳ್ಳೆ ಹೊಡೆಯುವಂಥ ದೃಶ್ಯ ಒಂದೂ ಇಲ್ಲ. ಹಾಗೆಂದು ಸೇಡಿನ ಚಿತ್ರ ಮಾಡಬಾರದು ಎನ್ನುವುದು ನನ್ನ ವಾದವಲ್ಲ. ಹದಿನೈದು ನಿಮಿಷದಲ್ಲಿ ಲೆಕ್ಕ ಚುಕ್ತಾ ಆದ ಸಮಾಧಾನ ಕೊಟ್ಟು ಮನೆಗೆ ಕಳಿಸಿದರೆ, ಎದೆಯಲ್ಲಿ ಉಳಿಯಬೇಕಾದ ಮುಳ್ಳನ್ನೇ ಕಿತ್ತು ಕಳಿಸಿದಂತಾಗುತ್ತದೆ.

ಆದರೆ ನವದೀಪ್ ಸಿಂಗ್‌ಗೆ ಇದು ಗೊತ್ತಿತ್ತು ಎನ್ನುವುದಕ್ಕೆ ಒಂದು ಸಾಕ್ಷಿಯಿದೆ. ಎಲ್ಲ ಮುಗಿದ ಮೇಲೆ ಅಮ್ಮಾಜಿ ಹೊರಗೆ ಬರುತ್ತಾಳೆ. ಅವಳು ಮಗಳ ಸಾವಿಗೆ ಹೇಳಿದ್ದ ಅದೇ ಮಾತನ್ನು ಮೀರಾ ಅವಳಿಗೆ ಹಿಂತಿರುಗಿಸುತ್ತಾಳೆ. ಮಾಡಬೇಕಾದ್ದನ್ನು ಮಾಡಲೇಬೇಕಿತ್ತು. ಚಪ್ಪಾಳೆಯ ಸದ್ದಿನಲ್ಲಿ ಇದು ಗೆದ್ದವಳ ಮಾತಿನಂತೆ ಕೇಳಿಸುತ್ತದೆ. ಸರಿಯಾಗಿ ಕೇಳಿ: ಕೊಂದವಳ ನಾಲಿಗೆಯ ಮೇಲಿದ್ದ ಮಾತು ಈಗ ಮೀರಾಳ ನಾಲಿಗೆಗೆ ಬಂದಿದೆ. ಶೌಚಾಲಯದ ಬರಹವನ್ನು ಒರೆಸಿದವಳಿಗೆ ಈ ಮಾತನ್ನು ಒರೆಸಲು ಆಗಲಿಲ್ಲ. ಆ ಮುಖದಲ್ಲಿ ಗೆಲುವಿಲ್ಲ. ಅನುಷ್ಕಾ ಈ ಚಿತ್ರದಲ್ಲಿ ನೀಡಿದ ಅತ್ಯುತ್ತಮ ಕ್ಷಣ ಇದೇ.

ಹಾಗಿದ್ದೂ ಒಂದು ತಪ್ಪನ್ನು ನಾನು ಮನ್ನಿಸಲಾರೆ. ವರ್ಷಗಳ ನಂತರ ಮನೆಯಲ್ಲಿ ಅಮ್ಮನ ಜೊತೆ ಕೂತು ಇದನ್ನು ಮತ್ತೆ ನೋಡಿದೆ. ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೆ. ಅರ್ಧದಲ್ಲಿ ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ, ಹೋಗಲಿಲ್ಲ. ಕೊನೆಯಲ್ಲಿ ಸಲಾಕೆಯ ಬಗ್ಗೆ, ರಕ್ತದ ಬಗ್ಗೆ ಏನೂ ಹೇಳಲಿಲ್ಲ. “ಮೊದಲು ಹೋಟೆಲಿನಲ್ಲಿ ಬಂದು ಕೈ ಮುಗಿದ ಹುಡುಗಿ ಇದ್ದಳಲ್ಲ, ಅವಳ ಹೆಸರೇನೋ?” ಎಂದು ಕೇಳಿದರು. ಸಿನಿಮಾ ಅದೇ ತಾನೇ ಮುಗಿದಿತ್ತು. ನನಗೆ ಆ ಹೆಸರು ನೆನಪಾಗಲು ಒಂದು ಗಳಿಗೆ ಬೇಕಾಯಿತು.

ಪಿಂಕಿಗೆ ಈ ಚಿತ್ರದಲ್ಲಿ ಮಾತುಗಳೇ ಇಲ್ಲ ಎನ್ನಬಹುದು. ಅವಳು ಯಾಕೆ ಓಡಿದಳು, ಅವನಲ್ಲಿ ಏನು ಕಂಡಳು, ತಾಯಿಯ ಬಗ್ಗೆ ಏನು ಅಂದುಕೊಂಡಿದ್ದಳು, ಯಾವುದೂ ನಮಗೆ ತಿಳಿಯದು. ಅವಳ ಸಾವು ಮೀರಾಳ ಓಟಕ್ಕೆ ಕಿಡಿ ಹಚ್ಚುತ್ತದೆ, ಅಲ್ಲಿಗೆ ಅವಳ ಕೆಲಸ ಮುಗಿಯಿತು. ಕೊನೆಯ ಸೇಡು ಕೂಡ ಅರ್ಜುನನದ್ದು, ಪಿಂಕಿಯದ್ದಲ್ಲ. ಮನೆಯವರು ಅವಳ ಹೆಸರನ್ನು ಅಳಿಸಲು ಹೊರಟರು, ಚಿತ್ರ ಅದನ್ನು ತಡೆಯಬೇಕಿತ್ತು, ತಡೆಯಲಿಲ್ಲ.

ದಿಲ್ಲಿಯಿಂದ ರೋಹ್ತಕ್, ಹಿಸಾರ್, ಸಿರ್ಸಾ ದಾಟಿ ಫಾಜಿಲ್ಕಾಕ್ಕೆ ಹೋಗುತ್ತಿದ್ದ ಹಳೆಯ ಎನ್‌ಎಚ್ 10 ಈಗ ಆ ಸಂಖ್ಯೆಯಲ್ಲಿಲ್ಲ. ಹೆದ್ದಾರಿಗಳ ಸಂಖ್ಯೆ ಬದಲಾದಾಗ ಆ ಹೆಸರು ಸಿಲಿಗುರಿಯಿಂದ ಗ್ಯಾಂಗ್‌ಟಕ್‌ಗೆ ಏರುವ ದಾರಿಯ ಪಾಲಾಯಿತು. 2018ರಲ್ಲಿ ಸುಪ್ರೀಂ ಕೋರ್ಟ್, ಇಬ್ಬರು ವಯಸ್ಕರ ಮದುವೆಗೆ ಜಾತಿ-ಗೋತ್ರದ ಹಿರಿಯರ ಖಾಪ್ ಪಂಚಾಯಿತಿ ಅಡ್ಡಬರುವಂತಿಲ್ಲ ಎಂದು ಖಡಾಖಂಡಿತವಾಗಿ ಹೇಳಿತು. ಮರ್ಯಾದೆಗೇಡು ಹತ್ಯೆಯ ಸುದ್ದಿ ಅದಾದ ಮೇಲೂ ನಿಂತಿಲ್ಲ, ನಮ್ಮ ರಾಜ್ಯದಲ್ಲೂ ನಿಂತಿಲ್ಲ. ಈ ಚಿತ್ರವನ್ನು ನೋಡಿ. ನೋಡಿದವರು ಇನ್ನೊಮ್ಮೆ ನೋಡಿ. ಈ ಸಲ ಸಲಾಕೆ ಬರುವವರೆಗೆ ಕಾಯಬೇಡಿ. ಢಾಬಾದಲ್ಲಿ ಪಿಂಕಿ ಸಹಾಯ ಕೇಳಿ ಬರುತ್ತಾಳೆ, ಮೀರಾ ಅವಳಿಂದ ತಪ್ಪಿಸಿಕೊಂಡು ಹೋಗುತ್ತಾಳೆ. ಆ ಹುಡುಗಿಯ ಮುಖವನ್ನು ಅಲ್ಲಿ ಸರಿಯಾಗಿ ನೋಡಿಕೊಳ್ಳಿ.