ಕಡ ತಂದ ಅಕ್ಷರ

ಕಂಪ್ಯೂಟರಿಗೆ ಅಕ್ಷರ ಬರುವುದಿಲ್ಲ, ಅಂಕಿ ಮಾತ್ರ ಗೊತ್ತು. ನಾವು ಬರೆಯುವ ಪ್ರತಿ ಅಕ್ಷರಕ್ಕೂ, ಎಮೋಜಿಗೂ ಯೂನಿಕೋಡ್ ಎಂಬ ಪಟ್ಟಿಯಲ್ಲಿ ಸಂಖ್ಯೆಯಿದೆ. ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗುವುದು ಆ ಸಂಖ್ಯೆಯೇ ಹೊರತು ಚಿತ್ರವಲ್ಲ. ಅದಕ್ಕೆ ರೂಪ ಕೊಡುವುದು ಓದುವವರ ಫೋನಿನಲ್ಲಿರುವ ಫಾಂಟು. ಒಂದು ಫಾಂಟಿನಲ್ಲಿ ಆ ಅಕ್ಷರ ಇಲ್ಲದಿದ್ದರೆ ಯಂತ್ರ ಇನ್ನೊಂದನ್ನು ಕೇಳುತ್ತದೆ, ಅಲ್ಲೂ ಇಲ್ಲದಿದ್ದರೆ ಮತ್ತೊಂದನ್ನು. ಸಕ್ಕರೆ ಮುಗಿದಾಗ ನಾವು ಲೋಟ ಹಿಡಿದು ಪಕ್ಕದ ಮನೆಗೆ ಹೋಗುವುದಿಲ್ಲವೆ, ಹಾಗೆ. ಎಲ್ಲಿಯೂ ಸಿಗದಿದ್ದರೆ ಒಂದು ಖಾಲಿ ಚೌಕ ಇಟ್ಟು ಸುಮ್ಮನಾಗುತ್ತದೆ. ಆ ಚೌಕಕ್ಕೆ 'ತೋಫು' ಎಂದು ಅಡ್ಡಹೆಸರು. ಅದನ್ನು ಇಲ್ಲವಾಗಿಸಲೆಂದೇ ಗೂಗಲ್ ಮಾಡಿಸಿದ ಫಾಂಟುಗಳಿಗೆ 'ನೋಟೊ' ಎಂದು ಹೆಸರು. 'ತೋಫು ಬೇಡ' ಎಂಬುದರ ಮೊಟಕು ರೂಪ.

ನನಗೆ ಈ ಚೌಕದ ಮೇಲೆ ಸಿಟ್ಟಿಲ್ಲ. ಸೀರೆ, ಹಣತೆ, ಆಟೋರಿಕ್ಷಾ ಮೂರೂ ಎಮೋಜಿಗಳ ಸಾಲಿಗೆ ಸೇರಿದ್ದು 2019ರಲ್ಲಿ. ಹೊಸ ಫಾಂಟು ಸಿಗದ ಹಳೆಯ ಫೋನಿನಲ್ಲಿ ದೀಪಾವಳಿಯ ಹಣತೆ ಚೌಕವಾಗಿ ನಿಲ್ಲುತ್ತದೆ. ನೋಡಿದವಳು 'ಇದೇನೇ ಕಳಿಸಿದ್ದು?' ಎಂದು ಕೇಳುತ್ತಾಳೆ, ಕಳಿಸಿದವಳು ಹೇಳುತ್ತಾಳೆ. ಅಲ್ಲಿಗೆ ಮುಗಿಯಿತು. ನನ್ನ ತಕರಾರು ಇರುವುದು, ಇಲ್ಲ ಎಂದು ಹೇಳದೆ ಸದ್ದಿಲ್ಲದೆ ಬೇರೇನನ್ನೋ ತೋರಿಸಿಬಿಡುವ ಜಾಣತನದ ಮೇಲೆ.

ಕೆಂಪು ಹೃದಯವನ್ನೇ ನೋಡಿ. ಎಮೋಜಿಗಳು ಬರುವ ಮೊದಲೇ ಅದು ಅಚ್ಚಿನ ಅಲಂಕಾರವಾಗಿ ಯೂನಿಕೋಡಿನಲ್ಲಿತ್ತು. ಇಂದು ಅದರ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಗುರುತು ಅಂಟಿಕೊಂಡು 'ಬಣ್ಣದ ಫಾಂಟಿನಿಂದ ತೆಗೆದುಕೋ' ಎನ್ನುತ್ತದೆ. ದಾರಿಯಲ್ಲಿ ಆ ಗುರುತು ಕಳಚಿಬಿದ್ದರೆ ಪ್ರೀತಿಯಿಂದ ಕಳಿಸಿದ ಹೃದಯ ಕಪ್ಪಾಗಿ ತಲುಪಬಹುದು.

ಇದಕ್ಕಿಂತ ನೋವಿನದು ಇನ್ನೊಂದಿದೆ. ತಾಯಿ ಮತ್ತು ಮಗ ಇಬ್ಬರೇ ಇರುವ ಸಂಸಾರಕ್ಕೆ 2016ರಲ್ಲಿ ಎಮೋಜಿ ಬಂತು. ಅದಕ್ಕೆಂದು ಪ್ರತ್ಯೇಕ ಸಂಖ್ಯೆಯಿಲ್ಲ. ಹೆಂಗಸಿನ ಸಂಖ್ಯೆ, ಹುಡುಗನ ಸಂಖ್ಯೆ, ನಡುವೆ ಕಾಣದ ಒಂದು ಬೆಸುಗೆ, ಅಷ್ಟೆ. ಈ ಬೆಸುಗೆ ನಮಗೆ ಹೊಸದಲ್ಲ. 'ರ‍್ಯಾಂಕ್' ಎಂದು ರಕಾರದ ಕೆಳಗೆ ಯಕಾರದ ಒತ್ತು ನಿಲ್ಲಬೇಕಾದರೆ ಕನ್ನಡದಲ್ಲೂ ಅದೇ ಗುರುತು ಬೇಕು. ಇಲ್ಲದಿದ್ದರೆ ರಕಾರ ಅರ್ಕಾವೊತ್ತಾಗಿ ಪಕ್ಕಕ್ಕೆ ಸರಿಯುತ್ತದೆ. ತಾಯಿ ಮಗ ಜೊತೆಯಾಗಿರುವ ಚಿತ್ರ ಫಾಂಟಿನಲ್ಲಿ ಇಲ್ಲದಿದ್ದರೆ ಯಂತ್ರ ಹೆಂಗಸನ್ನು ಒಂದು ಕಡೆ, ಹುಡುಗನನ್ನು ಒಂದು ಕಡೆ ನಿಲ್ಲಿಸುತ್ತದೆ. 'ನಾವಿಬ್ಬರೂ ಒಂದು ಮನೆ' ಎಂದು ಒಬ್ಬ ತಾಯಿ ಹೇಳಿದ್ದು ಓದುವವರ ಬಳಿಗೆ ಬರುವಷ್ಟರಲ್ಲಿ ಸಂಬಂಧವಿಲ್ಲದ ಇಬ್ಬರಾಗಿರುತ್ತದೆ. ಹೇಳಿದವಳಿಗೂ ಇದು ತಿಳಿಯದು, ಕೇಳಿದವರಿಗೂ ತಿಳಿಯದು.

ಏನೂ ಕಾಣದಿರುವುದಕ್ಕಿಂತ ಅರ್ಧ ಕಂಡರೆ ವಾಸಿ ಎಂಬುದು ಈ ವ್ಯವಸ್ಥೆಯ ಹಿಂದಿರುವ ವಿಚಾರ. ಅಕ್ಕಿ ಬೇಳೆಯ ವಿಷಯದಲ್ಲಾದರೆ ನಾನೂ ಒಪ್ಪುತ್ತೇನೆ. ಮಾತಿನ ವಿಷಯ ಹಾಗಲ್ಲ. ಇಬ್ಬರ ನಡುವಿನ ಬೆಸುಗೆಯೇ ಹೇಳಬೇಕಾದ ಮಾತಾಗಿದ್ದಾಗ, ಅದನ್ನು ಬಿಟ್ಟು ಉಳಿದದ್ದನ್ನು ತೋರಿಸುವುದು ಅರ್ಧ ಹೇಳಿದಂತಲ್ಲ, ಬೇರೆಯದನ್ನೇ ಹೇಳಿದಂತೆ. 'ಇಲ್ಲಿ ಇನ್ನೇನೋ ಇತ್ತು, ನನ್ನಲ್ಲಿಲ್ಲ' ಎನ್ನುವ ಸಣ್ಣದೊಂದು ಚುಕ್ಕಿಯಾದರೂ ಪಕ್ಕದಲ್ಲಿರಬಾರದೆ?