ಭಾಗೀರಥಿಯನ್ನು ಕೇಳಿದ್ದು ಕೆರೆಯಲ್ಲ

ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಈ ಸಲ ಮಕ್ಕಳ ಕೈಲಿ ‘ಕೆರೆಗೆ ಹಾರ’ ಆಡಿಸಿದ್ರು. ಇಬ್ಬರು ಹುಡುಗರು ಒಂದು ನೀಲಿ ಸೀರೆಯ ಎರಡು ತುದಿ ಹಿಡಿದು ನಿಧಾನಕ್ಕೆ ಮೇಲೆತ್ತುತ್ತಾ ಹೋದರು. ಅದು ಭಾಗೀರಥಿಯ ಪಾದ, ಮೊಣಕಾಲು, ನಡು ದಾಟಿ ಏರುವಾಗ ಪಕ್ಕದ ಬ್ಲಾಕಿನ ಆಂಟಿಯೊಬ್ಬರು ಕಣ್ಣೊರೆಸಿಕೊಂಡರು. ನನಗೂ ಗಂಟಲು ಕಟ್ಟಿತ್ತು. ಈ ಹಾಡಿನ ಶಕ್ತಿಯೇ ಅಂಥದ್ದು, ಎಷ್ಟು ಸಲ ಕೇಳಿದ್ರೂ ಬಿಡಲ್ಲ.

ಮನೆಗೆ ಬಂದ ಮೇಲೆ ಒಂದು ಪ್ರಶ್ನೆ ಕಾಡೋಕೆ ಶುರುವಾಯ್ತು. ಅಲ್ಲಾ, ಆ ಕೆರೆಗೆ ನೀರು ಯಾಕೆ ಬರಲಿಲ್ಲ?

ಕಥೆ ಮರೆತವರಿಗೆ ಇನ್ನೊಂದು ಸಲ ಹೇಳ್ತೀನಿ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸ್ತಾನೆ, ಹನಿ ನೀರೂ ಬರಲ್ಲ. ಜೋಯಿಸರನ್ನು ಕೇಳಿದ್ರೆ ಸೊಸೆಯೊಬ್ಬಳನ್ನು ಹಾರ ಕೊಡಬೇಕು ಅಂತಾರೆ. ಹಿರಿಸೊಸೆ ಮನೆಗೆ ಬೇಕಾದವಳು, ಹಾಗಾಗಿ ಆಯ್ಕೆ ಕಿರಿಸೊಸೆ ಭಾಗೀರಥಿ. ಅವಳ ಗಂಡ ಮಹಾದೇವರಾಯ ದಂಡಿನಲ್ಲಿದ್ದಾನೆ. ಎಲ್ಲರೂ ಗಂಗಮ್ಮನ ಪೂಜೆ ಮಾಡಿ, ಕೆರೆ ಮೇಲೆ ಉಂಡು ವಾಪಸ್ಸಾಗ್ತಾರೆ. ಮರೆತು ಬಂದ ಬಂಗಾರದ ಬಟ್ಟಲು ತರೋಕೆ ಭಾಗೀರಥಿ ತಿರುಗಿ ಹೋಗ್ತಾಳೆ. ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತೆ.

ಇದನ್ನು ತ್ಯಾಗದ ಕಥೆ ಅಂತ ಓದಿದವರಿದ್ದಾರೆ, ಹೆಣ್ಣನ್ನು ಬಲಿ ಕೊಟ್ಟ ಮನೆತನದ ಕಥೆ ಅಂತ ಸಿಟ್ಟಿನಿಂದ ಓದಿದವರೂ ಇದ್ದಾರೆ. ನಾನು ಎರಡನೆಯವರ ಕಡೆ. ಆದರೆ ಎರಡೂ ಓದಿನಲ್ಲಿ ಕೆರೆ ಬರೀ ಹಿನ್ನೆಲೆ, ಅಂದರೆ ಆ ನೀಲಿ ಸೀರೆ. ಕೆರೆಯನ್ನೇ ಮುಂದಿಟ್ಟುಕೊಂಡು ಓದಿದ್ರೆ ಬೇರೇನೋ ಕಾಣುತ್ತೆ.

ನಮ್ಮ ಬಯಲುಸೀಮೆ ಕೆರೆ ತನ್ನ ಮೇಲೆ ಬಿದ್ದ ಮಳೆಯಿಂದಷ್ಟೇ ತುಂಬಲ್ಲ. ಸುತ್ತಲಿನ ಗುಡ್ಡ, ಗೋಮಾಳ, ಹೊಲಗಳ ನೀರು ಹಳ್ಳ, ಕಾಲುವೆ ಹಿಡಿದು ಬರಬೇಕು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ತೂಬು ಯಾವಾಗ ಎತ್ತಬೇಕು, ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ನೀರಗಂಟಿಗೆ ಗೊತ್ತು. ನೀರು ಬರದಿದ್ರೆ ಮೊದಲು ಕಾಲುವೆ ಗುಂಟ ನಡೆದು ನೋಡಬೇಕು. ಮಲ್ಲನಗೌಡ ಹೋಗಿದ್ದು ಜೋಯಿಸರ ಹತ್ರ. ಸರ್ವರ್ ಬಿದ್ದಾಗ ಲಾಗ್ ನೋಡದೆ ರಾಹುಕಾಲ ನೋಡಿದ ಹಾಗೆ.

‘ಹಾಡನ್ನ ಹಾಡಾಗಿ ನೋಡ್ರೀ, ನೀರಾವರಿ ಇಲಾಖೆ ವರದಿ ಅಲ್ಲ’ ಅಂತ ನೀವು ಹೇಳಬಹುದು. ಸರಿ. ಹಾಡಾಗಿಯೇ ನೋಡೋಣ. ಭಾಗೀರಥಿಯ ಕಣ್ಣೀರಿಗೆ ಈ ಹಾಡು ಕೊಡುವ ಜಾಗ ದೊಡ್ಡದು. ತವರಿಗೆ ಹೋದವಳು ನಿಜ ಹೇಳಲಾರದೆ, ಅತ್ತೆ ಮಾವ ಬೇರೆ ಇಡ್ತಾರಂತೆ ಅಂತಾಳೆ. ಹೊಲ ಮನೆ ಕೊಡ್ತೀನಿ ಅಂತ ಅಪ್ಪ, ಒಡವೆ ಕೊಡ್ತೀನಿ ಅಂತ ಅವ್ವ. ನಿಜ ಗೊತ್ತಾಗೋದು ಗೆಳತಿಗೆ ಮಾತ್ರ. ಅವಳೂ ಕೊಟ್ಟವರ ಮನೆಯಲ್ಲಿ ಇಟ್ಟ ಹಾಗೆ ಇರಬೇಕು ಅನ್ನೋ ಅರ್ಥದ ಮಾತಾಡಿ ಕಳಿಸ್ತಾಳೆ. ಇಷ್ಟು ಕಡಿಮೆ ಮಾತಲ್ಲಿ ಒಂದು ಹೆಣ್ಣಿನ ಒಂಟಿತನ ಹೇಳಿದ ಹಾಡು ಕನ್ನಡದಲ್ಲಿ ಇನ್ನೊಂದಿದ್ಯಾ?

ಆದರೆ ಕೊನೆಗೆ ನೀರು ಬಂದೇ ಬಿಡುತ್ತೆ. ನನ್ನ ತಕರಾರು ಇರೋದು ಇಲ್ಲೇ. ಹಾಡು ಅಳೋದು ಭಾಗೀರಥಿಗಾಗಿ, ಗೆಲ್ಲಿಸೋದು ಜೋಯಿಸರನ್ನು. ದಂಡಿನಿಂದ ಓಡಿ ಬಂದ ಮಹಾದೇವರಾಯನೂ ಯಾರನ್ನೂ ಪ್ರಶ್ನಿಸದೆ ತಾನೂ ಅದೇ ಕೆರೆಗೆ ಹಾರ್ತಾನೆ. ಕೆರೆಗೆ ಜೀವ ಬೇಕಿತ್ತು ಅನ್ನೋ ಮಾತಿಗೆ ಹಾಡಿನೊಳಗೆ ಯಾರೂ ಎದುರಾಡಲ್ಲ. ದುಃಖ ಬೆಟ್ಟದಷ್ಟಿದೆ, ಅನುಮಾನ ಕಾಳಷ್ಟೂ ಇಲ್ಲ. ನಾವೂ ಅದನ್ನು ಹಾಗೇ ಕಲಿತ್ವಿ.

ಇದು ಬರೀ ಹಳೇ ಕಾಲದ ಮಾತಲ್ಲ. ನಾನು ಪಿಯುಸಿ ಓದುವಾಗ ತುಮಕೂರು ಕಡೆಯ ನಮ್ಮೂರ ಕೆರೆ ಒಣಗಿತು. ಊರವರು ಗಂಗಮ್ಮನಿಗೆ ಮರಿ ಕಡಿದರು. ನೀರು ಬರಲಿಲ್ಲ. ಆಮೇಲೆ ಜೆಸಿಬಿ ಬಂದು ಹೂಳೆತ್ತಿತು, ಗೋಡುಮಣ್ಣು ತೋಟಗಳಿಗೆ ಹೋಯ್ತು. ಆಗಲೂ ನೀರು ಅಷ್ಟಕ್ಕಷ್ಟೇ. ಕಾಲುವೆ ಕಡೆ ಯಾರೂ ಹೋಗಲಿಲ್ಲ, ಯಾಕಂದ್ರೆ ಅಲ್ಲಿ ಕಾಲುವೆಯೇ ಇರಲಿಲ್ಲ. ವರ್ಷಕ್ಕೊಂದು ಸಾಲು ಉತ್ತು ಎಲ್ಲರೂ ಹೊಲಕ್ಕೆ ಸೇರಿಸಿಕೊಂಡಿದ್ರು. ನಮ್ಮ ಹೊಲದ ಪಕ್ಕ ಹಾದುಹೋಗ್ತಿದ್ದ ಜಾಗದಲ್ಲಿ ಆರು ತೆಂಗಿನ ಮರ ಇವೆ. ಹಾಕಿದ್ದು ನಮ್ಮಪ್ಪ.

ಬೆಂಗಳೂರಿಗೆ ಬಂದ್ರೆ ಕಥೆ ಅದೇ, ಅಳತೆ ಬೇರೆ. ನದಿಯಿಲ್ಲದ ಈ ಊರನ್ನು ಒಂದಕ್ಕೊಂದು ಪೋಣಿಸಿದ ಕೆರೆಗಳೇ ಸಾಕಿದ್ದು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್, ಸಂಪಂಗಿ ಕೆರೆ ಜಾಗದಲ್ಲಿ ಕಂಠೀರವ ಸ್ಟೇಡಿಯಂ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಗೆ ಊರಿನ ಕೊಳಚೆಯ ದೊಡ್ಡ ಪಾಲು ಹರಿಯಿತು. ಅದರಲ್ಲಿನ ಸಾರಜನಕ, ರಂಜಕ ತಿಂದು ಅಂತರಗಂಗೆ ಹಬ್ಬಿತು. ಅದು ಮುಚ್ಚಿದ ಕಡೆ ನೀರೊಳಗೆ ಬೆಳಕಿಲ್ಲ, ಕೊಳೆತಾಗ ಇದ್ದ ಆಮ್ಲಜನಕವೂ ಖಾಲಿ, ತಳದಲ್ಲಿ ಮೀಥೇನ್. ನಮ್ಮ ವಾಷಿಂಗ್ ಮಷೀನುಗಳ ಸೋಪು ಕೋಡಿಯಲ್ಲಿ ಧುಮುಕಿ ನೊರೆಯಾಗಿ 2015ರಲ್ಲಿ ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಕೆರೆಗೆ ಬೆಂಕಿಯೇ ಬಿತ್ತು. 2022ರ ಸೆಪ್ಟೆಂಬರ್ ಮಳೆಯಲ್ಲಿ ರಾಜಕಾಲುವೆ ಸಿಗದ ನೀರು ಹೊರ ವರ್ತುಲ ರಸ್ತೆಗೆ ನುಗ್ಗಿದಾಗ ನಮ್ಮಂಥ ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ವಿ. ಫೋಟೋ ಹಾಕಿ ನಕ್ವಿ ಕೂಡ.

ಕೆರೆ ಹಾಳಾದಾಗ ನಾವು ಕೊಡೋದೇನು? ವಾಕಿಂಗ್ ಟ್ರ್ಯಾಕ್, ಬೇಲಿ, ಲೈಟು, ಗಣೇಶನಿಗೊಂದು ಕಲ್ಯಾಣಿ. ಭಾಗೀರಥಿಗೆ ಅವಳ ಅಪ್ಪ ಹೊಲ, ಅವ್ವ ಒಡವೆ ಕೊಡೋಕೆ ಬಂದ ಹಾಗೆ. ಅವರಿಗಾದ್ರೂ ನಿಜ ಗೊತ್ತಿರಲಿಲ್ಲ, ನಮಗೆ ಗೊತ್ತು. ಎಷ್ಟೋ ಕಡೆ ಅಭಿವೃದ್ಧಿ ಅಂತ ದಂಡೆಯನ್ನು ಬಟ್ಟಲಿನ ಹಾಗೆ ಕಡಿದಾಗಿ ಕೊರೆದುಬಿಡ್ತಾರೆ. ಜೊಂಡು ಬೆಳೆಯೋದು, ಮೀನು ಮೊಟ್ಟೆ ಇಡೋದು, ಕೊಕ್ಕರೆ ನಿಲ್ಲೋದು ಅಂಚಿನ ಆಳವಿಲ್ಲದ ನೀರಲ್ಲಿ. ಅದೇ ಹೋದ್ರೆ ಉಳಿಯೋದು ತೊಟ್ಟಿ. ಒಳಗೆ ಬರುವ ನೀರು ಎಲ್ಲಿಂದ, ಎಂಥದ್ದು ಅನ್ನೋದು ಈಗಲೂ ಕೊನೇ ಪ್ರಶ್ನೆ. ಎಸ್‌ಟಿಪಿ ಕರೆಂಟ್ ಬಿಲ್ ಜಾಸ್ತಿ ಆಯ್ತು ಅಂತ ನಮ್ಮದೇ ಮೀಟಿಂಗಿನಲ್ಲಿ ಗಲಾಟೆ ಆದಾಗ ನಾನು ಸುಮ್ಮನೆ ಕೂತಿದ್ದೆ. ಹಾಡಿನ ಗೆಳತಿಯ ಹಾಗೆ.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪನ ಹತ್ರ ಕಾಲುವೆ ಮಾತೆತ್ತಿದೆ. ಅಪ್ಪ ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ತಾ ಕೂತಿದ್ರು. ‘ಮರ ಕಡೀಬೇಕಾ ಹಂಗಾದ್ರೆ? ನಿನ್ನ ಬಿಇ ಫೀಸು ಕಟ್ಟಿದ್ದು ಅದ್ರ ಕಾಯಲ್ಲೇ ಕಣ್ಲಾ’ ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಕೆರೆ ನೀರು ತಿಂದು ಓದಿದವನು ನಾನು, ಕೆಳಗಿನ ಗದ್ದೆಯವರ ಪಾಲಿನ ನೀರು.

ಮಕ್ಕಳಿಗೆ ನಾಟಕ ಕಲಿಸಿದ ಟೀಚರ್ ಹತ್ರ, ಮುಂದಿನ ಸಲ ಒಂದು ನೀರಗಂಟಿ ಪಾತ್ರ ಸೇರಿಸೋಣ ಅಂದೆ. ಜೋಯಿಸರು ಬಾಯಿ ತೆರೆಯೋ ಮುಂಚೆ ಅವನು ಬರಬೇಕು. ಅವರು ನಕ್ಕು, ‘ನೀವೇ ಬರೆದು ಕೊಡಿ ಸಾರ್’ ಅಂದ್ರು. ಎರಡು ವಾರ ಆಯ್ತು, ಇನ್ನೂ ಬರೆದಿಲ್ಲ. ಅವನ ಮೊದಲ ಮಾತು ಏನಿರಬೇಕು ಅಂತ ಮಾತ್ರ ಗೊತ್ತು: ‘ಗೌಡ್ರೇ, ಕಾಲುವೆ ಮೇಲೆ ಇರೋ ಆ ಮರಗಳು ಯಾರವು?’