ಟಂಕಸಾಲೆಯ ತಪ್ಪು, ಸುತ್ತಿಗೆಯ ಪೆಟ್ಟು

ನಾಣ್ಯ ಮೇಳಗಳಲ್ಲಿ ಈಗ ‘ಎರರ್’ ಎಂಬ ಚೀಟಿ ಅಂಟಿಸಿಕೊಂಡ ಪ್ಲಾಸ್ಟಿಕ್ ಲಕೋಟೆಗಳದ್ದೇ ಭರಾಟೆ. ಟಂಕಸಾಲೆಯಲ್ಲಿ ನಿಜವಾಗಿ ಎಡವಟ್ಟಾದ ನಾಣ್ಯಗಳೂ ಅವುಗಳಲ್ಲಿ ಇರುತ್ತವೆ. ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದು, ಆಮ್ಲದಲ್ಲಿ ಅದ್ದಿ ತೆಳುವಾಗಿಸಿದ್ದು, ಯಾರದೋ ಕೊರಳ ಸರದಿಂದ ಬಿಡಿಸಿಕೊಂಡು ಬಂದದ್ದು ಕೂಡ ಅದೇ ಬೆಲೆಗೆ ಕೂತಿರುತ್ತವೆ. ನೋಡಲು ವಿಚಿತ್ರವಾಗಿದ್ದರೆ ಸಾಕು, ಅದು ಅಪರೂಪ ಎಂಬ ನಂಬಿಕೆಯ ಮೇಲೆ ಈ ವ್ಯಾಪಾರ ನಡೆಯುತ್ತಿದೆ. ಈ ನಂಬಿಕೆಗೆ ಬುಡವಿಲ್ಲ. ನಾಣ್ಯ ಕೆಡುವುದಕ್ಕೆ ಸಾವಿರ ದಾರಿಗಳಿವೆ. ಟಂಕಸಾಲೆ ತಪ್ಪುವುದಕ್ಕೆ ಇರುವ ದಾರಿಗಳನ್ನು ಬೆರಳಲ್ಲಿ ಎಣಿಸಬಹುದು.

ಲೋಹದ ಹಾಳೆಯಿಂದ ದುಂಡನೆಯ ಬಿಲ್ಲೆ ಕತ್ತರಿಸುತ್ತಾರೆ, ಅದರ ಅಂಚು ಒತ್ತಿ ಎಬ್ಬಿಸುತ್ತಾರೆ, ಆಮೇಲೆ ಕಾಲರ್ ಎಂಬ ಬಳೆಯೊಳಗೆ ಕೂರಿಸಿ ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಹೊಡೆಯುತ್ತಾರೆ. ತಪ್ಪಾಗುವುದಿದ್ದರೆ ಇಷ್ಟರೊಳಗೇ ಆಗಬೇಕು. ಆದ್ದರಿಂದ ಈ ಗುರುತು ಯಾವ ಹಂತದಲ್ಲಿ ಬಿದ್ದಿತು ಎಂದು ಕೇಳುವುದೇ ಸರಿಯಾದ ಪರೀಕ್ಷೆ. ಉತ್ತರ ಹೊಳೆಯದಿದ್ದರೆ ಅದನ್ನು ಹಾನಿ ಎಂದೇ ಎಣಿಸಬೇಕು.

ಅಂಚು ತುಂಡಾದ ನಾಣ್ಯವನ್ನೇ ನೋಡಿ. ಲಟ್ಟಿಸಿದ ಹಿಟ್ಟಿನಿಂದ ಡಬ್ಬಿಯ ಮುಚ್ಚಳದಲ್ಲಿ ಪೂರಿ ಕತ್ತರಿಸುವಾಗ ಮುಚ್ಚಳ ಹಿಂದಿನ ತೂತಿಗೆ ತಾಗಿದರೆ ಒಂದು ಪೂರಿಗೆ ಬಿಲ್ಲಿನಾಕಾರದ ಕಚ್ಚು ಬೀಳುತ್ತದಲ್ಲ, ಟಂಕಸಾಲೆಯಲ್ಲೂ ಹಾಗೇ ಆಗುತ್ತದೆ. ಆದರೆ ಆ ಬಿಲ್ಲೆ ಅಚ್ಚಿನ ಹೊಡೆತ ತಿನ್ನುವುದು ಕಚ್ಚು ಬಿದ್ದ ಮೇಲೆ. ಹೊಡೆತಕ್ಕೆ ಲೋಹ ಖಾಲಿ ಜಾಗದತ್ತ ಹರಿಯುವುದರಿಂದ ಅಲ್ಲಿನ ಅಕ್ಷರಗಳು ಕಚ್ಚಿನ ಕಡೆಗೆ ಮಸುಕಾಗುತ್ತಾ, ಎಳೆದಂತಾಗುತ್ತಾ ಹೋಗುತ್ತವೆ. ಕಚ್ಚಿಗೆ ನೇರ ಎದುರಿನ ಅಂಚೂ ಅನೇಕ ಬಾರಿ ಸಪ್ಪೆಯಾಗಿರುತ್ತದೆ, ಏಕೆಂದರೆ ಅಂಚು ಎಬ್ಬಿಸುವ ಯಂತ್ರದಲ್ಲಿ ಆ ಬದಿಗೆ ಸಾಕಷ್ಟು ಒತ್ತಡ ಸಿಕ್ಕಿರುವುದಿಲ್ಲ. ಈ ಲಕ್ಷಣ ಕಂಡರೆ ಬಲವಾದ ಸಾಕ್ಷಿ. ಕಾಣದ ಮಾತ್ರಕ್ಕೆ ನಾಣ್ಯ ಸುಳ್ಳಾಗುವುದಿಲ್ಲ. ಕತ್ತರಿ ಹಾಕಿದ ನಾಣ್ಯದಲ್ಲಿ ಮಾತ್ರ ಅಕ್ಷರ ಕೊನೆಯವರೆಗೂ ಪೂರ್ತಿ ಗಟ್ಟಿಯಾಗಿದ್ದು, ತಟ್ಟನೆ ತುಂಡಾಗಿರುತ್ತದೆ.

ಬ್ರಾಕೇಜ್ ಎಂಬ ತಪ್ಪಿನ ಹೆಸರಿನಲ್ಲೂ ಮೋಸ ನಡೆಯುತ್ತದೆ. ಹೊಡೆದ ನಾಣ್ಯ ಹೊರಬೀಳದೆ ಒಂದು ಅಚ್ಚಿಗೆ ಅಂಟಿಕೊಂಡರೆ ಮುಂದಿನ ಬಿಲ್ಲೆಗೆ ಅದೇ ಅಚ್ಚಾಗುತ್ತದೆ. ಆಗ ಒಂದು ಕಡೆ ರಾಜನ ಮುಖ ಎಂದಿನಂತೆ ಉಬ್ಬಿರುತ್ತದೆ. ಇನ್ನೊಂದು ಕಡೆ ಅದೇ ಮುಖ ಎಡಬಲ ತಿರುಗಿ ತಗ್ಗಾಗಿ ಮೂಡುತ್ತದೆ. ನೋಡಲು ಚೆಂದ, ಬೆಲೆಯೂ ಜೋರು. ಎರಡು ನಾಣ್ಯಗಳನ್ನು ಬೆಂಚ್ ವೈಸ್‌ನಲ್ಲಿ ಬಿಗಿದು ಇಂಥದ್ದನ್ನು ಮನೆಯಲ್ಲೇ ತಯಾರಿಸುವವರಿದ್ದಾರೆ. ಆದರೆ ಹಾಗೆ ಬಿಗಿದಾಗ ಮೊದಲಿದ್ದ ಚಿತ್ರ ಅಳಿಯುವುದಿಲ್ಲ, ನಜ್ಜಾಗುತ್ತದೆ ಅಷ್ಟೆ. ತಗ್ಗು ಮುಖದ ಅಡಿಯಲ್ಲಿ ಹಳೆಯ ಅಕ್ಷರಗಳ ಅವಶೇಷ ಭೂತಗನ್ನಡಿಗೆ ಸಿಗುತ್ತದೆ, ಹಿಂಬದಿ ವೈಸಿನ ದವಡೆಗೆ ಸಿಕ್ಕಿ ಚಪ್ಪಟೆಯಾಗಿರುತ್ತದೆ. ಹತ್ತು ರೂಪಾಯಿಯ ಜೋಡಿಲೋಹದ ನಾಣ್ಯದಲ್ಲಿ ನಡುಬಿಲ್ಲೆ ಉದುರಿಸಿ ಉಂಗುರ ಮಾರುವುದೂ ಇದೇ ಜಾತಿಯ ಕಸುಬು. ನಡುಬಿಲ್ಲೆಯಿಲ್ಲದೆಯೇ ಹೊಡೆತ ತಿಂದ ಉಂಗುರವಾದರೆ ಲೋಹ ಒಳಗಿನ ತೂತಿನತ್ತ ಹರಿದಿರಬೇಕು.

ಗೀರು ಮತ್ತು ಅಚ್ಚಿನ ಬಿರುಕಿನ ವಿಷಯ ಸುಲಭ. ಅಚ್ಚು ಬಿರಿದರೆ ಆ ಸಂದಿಗೆ ಲೋಹ ತುಂಬಿ ನಾಣ್ಯದ ಮೇಲೆ ಉಬ್ಬು ಗೆರೆ ಬರುತ್ತದೆ, ಗೀರು ತಗ್ಗಾಗಿರುತ್ತದೆ. ಇನ್ನು 1943ರಿಂದ 1947ರವರೆಗೆ ಬಂದ ತೂತಿನ ಕಾಸನ್ನು ಎರರ್ ಎಂದು ಮಾರುವವರನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದು. ಯುದ್ಧಕಾಲದ ಲೋಹದ ಕೊರತೆಗೆ ಬ್ರಿಟಿಷ್ ಸರ್ಕಾರವೇ ಕೊರೆಸಿದ ತೂತು ಅದು.

ಸಂಗ್ರಾಹಕರ ಬಗ್ಗೆ ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಯಂತ್ರದ ನಾಣ್ಯಕ್ಕೆ ಹುಟ್ಟಿದ ‘ಎರರ್’ ಎಂಬ ಮಾತನ್ನು ಕೈಯಿಂದ ಹೊಡೆದ ನಾಣ್ಯಕ್ಕೂ ಅಂಟಿಸುತ್ತಿದ್ದಾರೆ. ಶ್ರೀರಂಗಪಟ್ಟಣದಲ್ಲೋ ಬಿದನೂರಿನ ನಗರದಲ್ಲೋ ಟಂಕಿಸಿದ ಟಿಪ್ಪುವಿನ ತಾಮ್ರದ ಕಾಸಿನಲ್ಲಿ ಆನೆಯ ಬಾಲವೋ ಸೊಂಡಿಲೋ ಬಿಲ್ಲೆಯಿಂದ ಆಚೆ ಹೋಗಿದ್ದರೆ ಅದು ಟಂಕಸಾಲೆಯ ತಪ್ಪಲ್ಲ. ಕಾಲರ್ ಇಲ್ಲದೆ, ಕೈಯಲ್ಲಿ ಹಿಡಿದ ಅಚ್ಚಿನ ಮೇಲೆ ಸುತ್ತಿಗೆ ಬೀಳುವ ಕಾಲದಲ್ಲಿ ಚಿತ್ರ ಅತ್ತಿತ್ತ ಸರಿಯುವುದು ದಿನನಿತ್ಯದ ಸಂಗತಿ. ಹೇಳುವುದಾದರೆ, ಆನೆ ಪೂರ್ತಿಯಾಗಿ ನಡುವೆ ಕೂತಿರುವುದೇ ಆ ನಾಣ್ಯಗಳಲ್ಲಿ ಅಪರೂಪ, ಹೆಚ್ಚು ಬೆಲೆ ಕೊಡುವುದಿದ್ದರೆ ಅದಕ್ಕೆ ಕೊಡಬೇಕು. 1835ರಲ್ಲಿ ಕಂಪನಿ ಸರ್ಕಾರ ಏಕರೂಪದ ನಾಣ್ಯ ತಂದ ಮೇಲಿನ ಯಂತ್ರದ ಕೆಲಸವನ್ನು ಅಳೆಯುವ ಕೋಲಿನಲ್ಲಿ ಟಿಪ್ಪುವಿನ ಕಮ್ಮಟವನ್ನು ಅಳೆಯುವುದು ಅನ್ಯಾಯ.

ಹಾನಿ ಎಂದ ಕೂಡಲೇ ಮೂಗು ಮುರಿಯುವುದೂ ತಪ್ಪೇ. ಹಳೆಯ ಬೆಳ್ಳಿ ರೂಪಾಯಿಗಳ ಮೇಲೆ ಚಿನಿವಾರರು ಒತ್ತಿದ ಸಣ್ಣ ಮುದ್ರೆಗಳಿರುತ್ತವೆ. ಬೆಳ್ಳಿ ಒಳಗೂ ಬೆಳ್ಳಿಯೇ ಎಂದು ಪರೀಕ್ಷಿಸಿದ ಗುರುತುಗಳು ಅವು. ಆ ರೂಪಾಯಿ ಯಾರ ಕೈಯಲ್ಲಿ, ಎಷ್ಟು ಅನುಮಾನದ ನಡುವೆ ಓಡಾಡಿತು ಎಂಬುದನ್ನು ಅವು ಹೇಳುತ್ತವೆ. ಅಚ್ಚಿನ ಬಿರುಕು ಇಷ್ಟು ಹೇಳಲಾರದು. ಆದರೂ ಮಾರುಕಟ್ಟೆಯಲ್ಲಿ ಬಿರುಕಿಗೆ ಬೆಲೆ ಏರುತ್ತದೆ, ಮುದ್ರೆಗೆ ಇಳಿಯುತ್ತದೆ.

ಹಳೆಯ ನಾಣ್ಯದ ಕೊಡುಕೊಳ್ಳುವಿಕೆಯಲ್ಲಿ ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಜನರನ್ನು ಎಚ್ಚರಿಸಬೇಕಾಯಿತು. ಅಂಥ ವಂಚಕರು ಹಾಗಿರಲಿ, ಪ್ರಾಮಾಣಿಕ ವ್ಯಾಪಾರಿಯೂ ತಪ್ಪಬಹುದು. ಕೊಳ್ಳುವ ಮುನ್ನ ತೂಕ ಕೇಳಿ: ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ಇರಬೇಕು. ಸವೆತಕ್ಕೆ ಸ್ವಲ್ಪ ಕಡಿಮೆಯಾಗಬಹುದು. ಬಹಳ ಕಡಿಮೆಯಿದ್ದು, ಅಕ್ಷರಗಳೆಲ್ಲ ಒಂದೇ ಸಮನೆ ಕರಗಿದಂತಿದ್ದರೆ ಅದು ಆಮ್ಲದ ಕೆಲಸ. ಎರಡೂ ಮುಖಗಳ ಜೊತೆಗೆ ಅಂಚಿನ ಚಿತ್ರವನ್ನೂ ಕೇಳಿ. ಇದು ಹೇಗಾಯಿತು ಎಂದು ಮಾರುವವರಿಂದಲೇ ಹೇಳಿಸಿ. ಹೇಳಲಾಗದವರ ನಾಣ್ಯಕ್ಕೆ ‘ಎರರ್’ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.